ಕ್ಯಾಸ್ಟ್ರೋ ಬೀದಿಯ ಕಾರ್ಪೊರೇಟರ್

(‘ದಿ ಟೈಮ್ಸ್ ಆಫ್ ಹಾರ್ವೆ ಮಿಲ್ಕ್’ ಸಾಕ್ಷ್ಯಚಿತ್ರದ ಪ್ರದರ್ಶನದ ನಂತರ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಂದೂವರೆ ಗಂಟೆ ಅಲ್ಲಾಡದೆ ಕೂತು ಸಿನಿಮಾ ನೋಡಿದ್ದೀರಿ. ಈಗ ಮೇಲೊಂದು ಭಾಷಣ ಬೇರೆ. ಟೀಗೆ ಎದ್ದವರನ್ನು ಹಿಡಿದು ಕೂರಿಸಿದ್ದು ಆಯೋಜಕರು, ನಾನಲ್ಲ. ಆದಷ್ಟು ಬೇಗ ಮುಗಿಸುತ್ತೇನೆ.

ಮೊದಲು ಚಿತ್ರ ಶುರುವಾಗುವ ರೀತಿಯನ್ನೇ ತೆಗೆದುಕೊಳ್ಳೋಣ. ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಹಾಲ್. 1978ರ ನವೆಂಬರ್ 27, ಸೋಮವಾರ. ಪತ್ರಕರ್ತರು ಮೈಕು ಚಾಚಿಕೊಂಡು ಮುತ್ತಿಕೊಂಡಿದ್ದಾರೆ. ನಡುವೆ ಡಯಾನ್ ಫೈನ್‌ಸ್ಟೈನ್ ನಿಂತಿದ್ದಾರೆ. ಮುಖದಲ್ಲಿ ರಕ್ತವೇ ಇಲ್ಲ. ಮೇಯರ್ ಜಾರ್ಜ್ ಮಾಸ್ಕೋನಿ ಮತ್ತು ಸೂಪರ್‌ವೈಸರ್ ಹಾರ್ವೆ ಮಿಲ್ಕ್, ಇಬ್ಬರನ್ನೂ ಗುಂಡಿಟ್ಟು ಕೊಂದಿದ್ದಾರೆ ಅಂತ ಹೇಳುತ್ತಾರೆ. ಗುಂಪಿನಲ್ಲಿ ಯಾರೋ ಚೀರುತ್ತಾರೆ. ಗದ್ದಲ ತಗ್ಗುವ ತನಕ ತಡೆದು, ಆಕೆ ಇನ್ನೊಂದು ಮಾತು ಸೇರಿಸುತ್ತಾರೆ. ಶಂಕಿತ ವ್ಯಕ್ತಿ ಸೂಪರ್‌ವೈಸರ್ ಡ್ಯಾನ್ ವೈಟ್.

ಸತ್ತವನೂ ಸೂಪರ್‌ವೈಸರ್, ಕೊಂದವನೂ ಸೂಪರ್‌ವೈಸರ್. ಸೂಪರ್‌ವೈಸರ್ ಅಂದರೆ ಅಲ್ಲಿಯ ನಗರ ಸಭೆಯ ಸದಸ್ಯ. ಹೇಳುತ್ತಿರುವವರು ಆ ಸಭೆಯ ಅಧ್ಯಕ್ಷೆ. ಹಾರ್ವೆ ಬಿದ್ದಿದ್ದ ಕೋಣೆಗೆ ಓಡಿ ಹೋಗಿ ನಾಡಿ ಹಿಡಿದು ನೋಡಿದವರೂ ಇವರೇ. ಕೈ ಹಾಕಿದಾಗ ಬೆರಳು ಗುಂಡಿನ ತೂತಿನೊಳಗೆ ಹೋಯಿತು ಅಂತ ಆಮೇಲೆ ಹೇಳಿಕೊಂಡಿದ್ದಾರೆ.

ನಿರ್ದೇಶಕ ರಾಬ್ ಎಪ್‌ಸ್ಟೈನ್ ಈ ಸಾವನ್ನು ಕೊನೆಗೆ ಎತ್ತಿಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲಿಲ್ಲ. ಮೊದಲ ನಿಮಿಷದಲ್ಲೇ ಹೇಳಿಬಿಟ್ಟ. ಆಮೇಲೆ ನಮಗೆ ‘ಏನಾಗುತ್ತೆ’ ಅನ್ನುವ ಚಿಂತೆ ಇರುವುದಿಲ್ಲ. ಆ ಮನುಷ್ಯ ನಗುವುದು, ಕೈ ಬೀಸುವುದು, ರೇಗುವುದು ಎಲ್ಲವನ್ನೂ ಅವನು ಸತ್ತಿದ್ದಾನೆ ಅಂತ ಗೊತ್ತಿದ್ದೇ ನೋಡುತ್ತೇವೆ.

ಇಲ್ಲೊಂದು ಮಾತು. ನಾನು ಅವನನ್ನು ಏಕವಚನದಲ್ಲೇ ಕರೆಯುತ್ತೇನೆ. ಚಿತ್ರದಲ್ಲಿ ಮಾತಾಡುವವರೆಲ್ಲ ಬಾಯಿ ತುಂಬ ‘ಹಾರ್ವೆ’ ಅನ್ನುತ್ತಾರಲ್ಲ, ಅದು ನನಗೂ ಅಂಟಿಕೊಂಡಿದೆ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಹಾರ್ವೆ ಮಿಲ್ಕ್ ಅಂದ ಕೂಡಲೇ ನಾವು ಹುತಾತ್ಮ, ಗೇ ಜನರ ಅಂದರೆ ಸಲಿಂಗಿಗಳ ಹಕ್ಕಿಗೆ ನಿಂತ ಗೇ ಹೋರಾಟಗಾರ, ಅವರ ಕಾಮನಬಿಲ್ಲಿನ ಬಾವುಟ ಅಂತ ಶುರು ಮಾಡುತ್ತೇವೆ. ಎಲ್ಲವೂ ನಿಜವೇ. ಆದರೆ ಅವನು ಮಾಡುತ್ತಿದ್ದ ಕೆಲಸ ಏನು? ಸ್ಯಾನ್ ಫ್ರಾನ್ಸಿಸ್ಕೋದ ‘ಬೋರ್ಡ್ ಆಫ್ ಸೂಪರ್‌ವೈಸರ್ಸ್’ ಅಂದರೆ ಹನ್ನೊಂದು ಜನರ ನಗರ ಸಭೆ. ನಮ್ಮ ಭಾಷೆಯಲ್ಲಿ ಅವನೊಬ್ಬ ಕಾರ್ಪೊರೇಟರ್. ಸಂಬಳ ವರ್ಷಕ್ಕೆ 9,600 ಡಾಲರ್, ಅಲ್ಲಿಯ ಖರ್ಚಿಗೆ ಏನೇನೂ ಸಾಲದು. ಕುರ್ಚಿಯಲ್ಲಿ ಕೂತಿದ್ದು ಹನ್ನೊಂದು ತಿಂಗಳೂ ತುಂಬಿರಲಿಲ್ಲ. ಅವನನ್ನು ಕಾರ್ಪೊರೇಟರ್ ಅಂತ ನೋಡಿದರೆ ಮಾತ್ರ ಈ ಚಿತ್ರ ಸರಿಯಾಗಿ ಕಾಣುತ್ತೆ ಅಂತ ನನ್ನ ಅನಿಸಿಕೆ.

ಹಿನ್ನೆಲೆ ಬೇಗ ಹೇಳಿ ಮುಗಿಸುತ್ತೇನೆ. ಹುಟ್ಟಿದ್ದು 1930ರ ಮೇ 22ರಂದು, ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡಿನಲ್ಲಿ, ಯಹೂದಿ ಮನೆತನದಲ್ಲಿ. ನೌಕಾಪಡೆಯಲ್ಲಿದ್ದ. ಮೇಷ್ಟ್ರಾಗಿದ್ದ. ವಾಲ್ ಸ್ಟ್ರೀಟಿನಲ್ಲಿ ಟೈ ಕಟ್ಟಿಕೊಂಡು ಕೆಲಸ ಮಾಡಿದ. 1964ರ ಅಧ್ಯಕ್ಷ ಚುನಾವಣೆಯಲ್ಲಿ ಬಲಪಂಥದ ಗೋಲ್ಡ್‌ವಾಟರ್ ಪರ ಪ್ರಚಾರ ಮಾಡಿದವನು, ಕೆಲವೇ ವರ್ಷಗಳಲ್ಲಿ ಕೂದಲು ಬಿಟ್ಟು ಹಿಪ್ಪಿಯಾದ. 1972ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ. ಮರುವರ್ಷ ಸಂಗಾತಿ ಸ್ಕಾಟ್ ಸ್ಮಿತ್ ಜೊತೆ ಸೇರಿ ಕ್ಯಾಸ್ಟ್ರೋ ಬೀದಿಯಲ್ಲಿ ಕ್ಯಾಮೆರಾ ಅಂಗಡಿ ತೆರೆದ. ಹೆಸರು ‘ಕ್ಯಾಸ್ಟ್ರೋ ಕ್ಯಾಮೆರಾ’. ವ್ಯಾಪಾರ ಅಷ್ಟಕ್ಕಷ್ಟೇ. ಹರಟೆ ಜೋರು. ಬಾಡಿಗೆ ಮನೆ ಬೇಕಾದವನು, ಪೊಲೀಸರ ಏಟು ತಿಂದವನು, ಸುಮ್ನೆ ಹೊತ್ತು ಕಳೆಯಲು ಬಂದವನು, ಎಲ್ಲರೂ ಅಲ್ಲೇ.

ಕ್ಯಾಸ್ಟ್ರೋ ಹಿಂದೆ ಐರಿಷ್ ಕ್ಯಾಥೊಲಿಕ್ ಕಾರ್ಮಿಕರ ಬಡಾವಣೆ. ಅವರಲ್ಲಿ ಅನೇಕರು ಮನೆ ಮಾರಿ ಊರಾಚೆಗೆ ಹೋಗುತ್ತಿದ್ದರು. ಖಾಲಿಯಾದ ಹಳೆಯ ಮರದ ಮನೆಗಳಿಗೆ ಗೇ ಹುಡುಗರು ಬಂದು ಸೇರಿದರು. ಹಳೇ ಅಂಗಡಿಯವರಿಗೆ ಇದು ಹಿಡಿಸಲಿಲ್ಲ. ಗೇ ಜನರ ಅಂಗಡಿಗೆ ಲೈಸೆನ್ಸ್ ಸಿಗದ ಹಾಗೆ ನೋಡಿಕೊಳ್ಳಲು ಹೊರಟರು. ಹಾರ್ವೆ ಭಾಷಣ ಮಾಡುತ್ತಾ ಕೂರಲಿಲ್ಲ, ಬೇರೆಯದೇ ವರ್ತಕರ ಸಂಘ ಕಟ್ಟಿದ. 1974ರಲ್ಲಿ ಬೀದಿ ಜಾತ್ರೆ ಶುರು ಮಾಡಿದ. ಅಲ್ಲಿ ಸಾವಿರಾರು ಜನ ಬಂದು ಕೊಳ್ಳತೊಡಗಿದ ಮೇಲೆ ಹಳೇ ಅಂಗಡಿಯವರ ಗೊಣಗಾಟ ತಾನಾಗಿ ಕಮ್ಮಿಯಾಯಿತು.

ಆ ಹೊತ್ತಿಗೆ ಲಾರಿ ಚಾಲಕರ ಯೂನಿಯನ್ ಕೂರ್ಸ್ ಬಿಯರ್ ಕಂಪನಿಯ ಮೇಲೆ ಬಹಿಷ್ಕಾರ ಹಾಕಿತ್ತು. ಗೇ ಬಾರ್‌ಗಳೂ ಕೈ ಜೋಡಿಸಲಿ ಅಂತ ಅವರು ಹಾರ್ವೆ ಹತ್ತಿರ ಬಂದರು. ಆಗಲಿ ಅಂದ. ಆದರೆ ನಮ್ಮ ಹುಡುಗರಿಗೆ ಲಾರಿ ಓಡಿಸುವ ಕೆಲಸ ಕೊಡಿ ಅಂದ. ಬಾರ್‌ಗಳಲ್ಲಿ ಕೂರ್ಸ್ ನಿಂತುಹೋಯಿತು, ಗೇ ಹುಡುಗರು ಯೂನಿಯನ್ ಲಾರಿ ಹತ್ತಿದರು. ಇದು ಪಕ್ಕಾ ಕಾರ್ಪೊರೇಟರ್ ಬುದ್ಧಿ ಅಲ್ವಾ?

ಆದರೂ ಅವನು ಗೆಲ್ಲಲಿಲ್ಲ. 1973ರಲ್ಲಿ ಸೋತ. ಜುಟ್ಟು ಕತ್ತರಿಸಿ ಸೂಟು ಹಾಕಿಕೊಂಡು 1975ರಲ್ಲಿ ನಿಂತ, ಮತ್ತೆ ಸೋತ. 1976ರಲ್ಲಿ ರಾಜ್ಯ ಶಾಸನಸಭೆಗೆ ಪ್ರಯತ್ನಿಸಿ ಅಲ್ಲೂ ಸೋತ. ನಗರ ಸಭೆಗೆ ಗೆಲ್ಲದಿದ್ದುದಕ್ಕೆ ಕಾರಣ ಸರಳ. ಆಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಾರ್ಡ್ ಇರಲಿಲ್ಲ. ಸೂಪರ್‌ವೈಸರ್ ಆಗಬೇಕಾದರೆ ಇಡೀ ಊರಿನ ವೋಟು ಬೇಕು. ಇಡೀ ಊರಿಗೆ ಪ್ರಚಾರ ಮಾಡಲು ದುಡ್ಡು ಬೇಕು. ದುಡ್ಡಿದ್ದವರು, ದೊಡ್ಡ ಮನೆತನದವರು ಗೆಲ್ಲುತ್ತಿದ್ದರು. 1976ರಲ್ಲಿ ಮತದಾರರೇ ಇದನ್ನು ಬದಲಿಸಿ, ಊರನ್ನು ಹನ್ನೊಂದು ವಾರ್ಡ್ ಮಾಡಿದರು. ಮರುವರ್ಷದ ಚುನಾವಣೆಯಲ್ಲಿ ಚೀನೀ ಮೂಲದ ಗಾರ್ಡನ್ ಲಾವ್, ಕಪ್ಪು ಮಹಿಳೆ ಎಲ್ಲಾ ಹಿಲ್ ಹಚ್, ಒಂಟಿ ತಾಯಿ ಕ್ಯಾರಲ್ ರೂತ್ ಸಿಲ್ವರ್ ಗೆದ್ದರು. ಐದನೇ ವಾರ್ಡಿನಿಂದ ಹಾರ್ವೆ ಗೆದ್ದ.

ಎಂಟನೇ ವಾರ್ಡಿನಿಂದ ಡ್ಯಾನ್ ವೈಟ್ ಗೆದ್ದ. ಇದನ್ನು ಮರೆಯಬೇಡಿ. ಹಿಂದೆ ಪೊಲೀಸ್ ಆಗಿದ್ದ, ಅಗ್ನಿಶಾಮಕ ದಳದಲ್ಲಿದ್ದ, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದಿದ್ದ, ನೋಡಲು ಚೆಂದದ ಹುಡುಗ. ಊರು ಕೈ ತಪ್ಪಿ ಹೋಗುತ್ತಿದೆ ಅಂತ ಭಯಪಟ್ಟ ಹಳೇ ಕಾರ್ಮಿಕ ಕುಟುಂಬಗಳು ಅವನನ್ನು ಕಳಿಸಿದವು. ಒಂದೇ ವ್ಯವಸ್ಥೆ ಇಬ್ಬರನ್ನೂ ತಂದು ಒಂದೇ ಸಭೆಯಲ್ಲಿ ಕೂರಿಸಿತು.

ಈಗ ನನಗೆ ಈ ಚಿತ್ರದಲ್ಲಿ ತುಂಬ ಇಷ್ಟವಾದ ವ್ಯಕ್ತಿಗೆ ಬರುತ್ತೇನೆ. ಎಪ್‌ಸ್ಟೈನ್ ಕ್ಯಾಮೆರಾ ಮುಂದೆ ಕೂರಿಸಿ ಮಾತಾಡಿಸಿದ್ದು ಎಂಟೇ ಜನರನ್ನು. ಅವರಲ್ಲೊಬ್ಬರು ಜಿಮ್ ಎಲಿಯಟ್. ಮೆಕ್ಯಾನಿಕ್‌ಗಳ ಯೂನಿಯನ್ನಿನ ಮನುಷ್ಯ. ಗಟ್ಟಿ ಮೈ, ಮುಚ್ಚುಮರೆಯಿಲ್ಲದ ಮಾತು. ಯೂನಿಯನ್ ಈ ಸಲ ಹಾರ್ವೆ ಮಿಲ್ಕ್‌ಗೆ ಬೆಂಬಲ ಕೊಡುತ್ತೆ ಅಂದಾಗ ಇವರಿಗೆ ತಲೆಬಿಸಿ. ಗ್ಯಾರೇಜಿನ ಹುಡುಗರಿಗೆ ಹೋಗಿ ಏನಂತ ಹೇಳುವುದು? ಗೇ ಬಾರ್‌ಗೆ ಪೊಲೀಸರು ನುಗ್ಗಿ ಹೊಡೆದರೆ ಒಂದು ಕಾಲದಲ್ಲಿ ಇವರಿಗೆ ಅದು ತಪ್ಪು ಅಂತಲೇ ಅನಿಸುತ್ತಿರಲಿಲ್ಲ. ಇದನ್ನೆಲ್ಲ ಅವರೇ ಹೇಳುತ್ತಾರೆ. ಹೇಳುವಾಗ ತಡವರಿಸುವುದಿಲ್ಲ, ನಾಟಕ ಮಾಡುವುದಿಲ್ಲ. ಆಮೇಲೆ ಹಾರ್ವೆ ಜೊತೆ ಓಡಾಡಿದರು, ಕೆಲಸ ಮಾಡಿದರು. ಈ ಮನುಷ್ಯ ಕೊಟ್ಟ ಮಾತು ಉಳಿಸಿಕೊಳ್ಳುತ್ತಾನೆ ಅಂತ ಗೊತ್ತಾಯಿತು.

ಯಾವ ಸಿದ್ಧಾಂತದ ಪುಸ್ತಕವೂ ಜಿಮ್ ಎಲಿಯಟ್ ಅವರ ಮನಸ್ಸು ಬದಲಿಸಿರುತ್ತಿರಲಿಲ್ಲ. ಯೂನಿಯನ್ ಕಚೇರಿ, ಬಿಯರ್ ಬಹಿಷ್ಕಾರ, ಮನೆ ಮನೆ ಪ್ರಚಾರ, ಇವು ಬದಲಿಸಿದವು. ಹಾರ್ವೆಯನ್ನು ಹೊಗಳಲು ದೊಡ್ಡ ನಾಯಕರನ್ನು ಕರೆತರುವ ಬದಲು ಎಪ್‌ಸ್ಟೈನ್ ಈ ಮೆಕ್ಯಾನಿಕ್‌ನನ್ನು ಕರೆತಂದ. ಬೈಕ್ ಮೇಲೆ ಓಡಾಡುತ್ತಾ ಹಾರ್ವೆಯ ಪ್ರಚಾರ ನಡೆಸಿದ ಆನ್ ಕ್ರೋನೆನ್‌ಬರ್ಗ್, ಚೀನೀ ಸಮುದಾಯದ ಹೆನ್ರಿ ಡರ್, ಶಾಲಾ ಮೇಷ್ಟ್ರು ಟಾಮ್ ಅಮಿಯಾನೋ, ಇಂಥವರೇ ಉಳಿದವರು. ನಿರೂಪಣೆಯ ಆ ಕರಕಲು ದನಿ ನಟ ಹಾರ್ವೆ ಫೈರ್‌ಸ್ಟೀನ್ ಅವರದು. ಮೊದಲು ಕಿವಿಗೆ ಒಗ್ಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದಿಲ್ಲದ ಚಿತ್ರ ಊಹಿಸಲೇ ಆಗಲಿಲ್ಲ.

ಅಧಿಕಾರಕ್ಕೆ ಬಂದ ಮೇಲೆ ಹಾರ್ವೆ ಮಾಡಿದ್ದರಲ್ಲಿ ಜನರ ಬಾಯಲ್ಲಿ ಉಳಿದದ್ದು ನಾಯಿ ಕಕ್ಕಸಿನ ಕಾನೂನು. ನಗಬೇಡಿ. ನಾಯಿ ಬೀದಿಯಲ್ಲಿ ಮಾಡಿದ್ದನ್ನು ಯಜಮಾನನೇ ಎತ್ತಬೇಕು, ಇಲ್ಲದಿದ್ದರೆ ದಂಡ. ಟಿವಿಯವರನ್ನು ಪಾರ್ಕಿಗೆ ಕರೆಸಿ, ಕಾನೂನು ವಿವರಿಸುತ್ತಾ ನಡೆದು, ಸರಿಯಾಗಿ ಅದರ ಮೇಲೇ ಕಾಲಿಟ್ಟ. ಅದು ಆಕಸ್ಮಿಕವೇನಲ್ಲ, ಮೊದಲೇ ನೋಡಿಟ್ಟುಕೊಂಡಿದ್ದ. ಊರಿನ ಎಲ್ಲ ಮನೆಗೂ ಅವನ ಮುಖ ಪರಿಚಯವಾಯಿತು, ಜೊತೆಗೆ ಒಂದು ನಗು. ಮಗುವನ್ನು ಸ್ಕೂಲಿಗೆ ಕರೆದುಕೊಂಡು ಹೋಗುವ ತಾಯಿಗೆ ಶೂ ಹೊಲಸಾಗದಿರುವುದು ಮುಖ್ಯ ಅಂತ ಅವನಿಗೆ ಗೊತ್ತಿತ್ತು.

ಗೇ ಜನರನ್ನು ಕೆಲಸದಿಂದ, ಮನೆಯಿಂದ ಹೊರಹಾಕಬಾರದು ಅನ್ನುವ ಕಾನೂನು ಬಂದದ್ದೂ ಅದೇ ವರ್ಷ. ಹನ್ನೊಂದರಲ್ಲಿ ಹತ್ತು ವೋಟು ಪರ, ಒಂದು ವಿರೋಧ. ಆ ಒಂದು ಡ್ಯಾನ್ ವೈಟ್‌ನದು. ಅವನ ಸಿಟ್ಟು ಬರೀ ಸಲಿಂಗಿಗಳ ಮೇಲಿನ ಹಗೆಯಿಂದ ಬಂದದ್ದು ಅನ್ನುವುದು ಅರ್ಧ ಸತ್ಯ. ಅವನ ವಾರ್ಡಿನಲ್ಲಿ ದಾರಿ ತಪ್ಪಿದ ಹುಡುಗರಿಗೆ ಒಂದು ಕೇಂದ್ರ ಬರುವುದಿತ್ತು. ಅದು ಬೇಡ ಅಂತ ವೈಟ್ ಹಟ ಹಿಡಿದಿದ್ದ. ಹಾರ್ವೆ ತನ್ನ ಕಡೆ ಇರುತ್ತಾನೆ ಅಂತ ನಂಬಿದ್ದ. ಹಾರ್ವೆ ಕೇಂದ್ರದ ಪರ ವೋಟು ಹಾಕಿದ. ಅಲ್ಲಿಂದ ವೈಟ್ ಹಾರ್ವೆಗೆ ಎದುರಾಗಿ ನಿಂತ.

ಈಗ 1978ರ ದೊಡ್ಡ ಕದನ. ಚಿತ್ರದ ಬೆನ್ನೆಲುಬು ಇದೇ. ಹಿಂದಿನ ವರ್ಷ ಫ್ಲಾರಿಡಾದ ಡೇಡ್ ಕೌಂಟಿಯಲ್ಲಿ ಗಾಯಕಿ ಅನಿಟಾ ಬ್ರಯಂಟ್ ಮುಂದಾಳತ್ವದಲ್ಲಿ ಸಲಿಂಗಿಗಳ ಹಕ್ಕಿನ ಕಾನೂನನ್ನು ಜನರ ವೋಟಿನಿಂದಲೇ ರದ್ದು ಮಾಡಿದ್ದರು. ಅದನ್ನು ನೋಡಿ ಕ್ಯಾಲಿಫೋರ್ನಿಯಾದ ರಾಜ್ಯ ಸೆನೆಟರ್ ಜಾನ್ ಬ್ರಿಗ್ಸ್‌ಗೆ ಹುರುಪು ಬಂತು. ‘ಪ್ರಪೊಸಿಷನ್ 6’ ಅಂತ ಒಂದು ಕಾನೂನಿನ ಪ್ರಸ್ತಾವವನ್ನು ಜನರ ವೋಟಿಗೆ ಇಟ್ಟ. ಗೇ ಅಥವಾ ಲೆಸ್ಬಿಯನ್ ಆದವರು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಬಾರದು. ಅಷ್ಟೇ ಅಲ್ಲ, ಅವರ ಪರ ಬಹಿರಂಗವಾಗಿ ಮಾತಾಡಿದ ಮೇಷ್ಟ್ರನ್ನೂ ತೆಗೆಯಬಹುದು. ಗಮನಿಸಿ, ಹೆಂಡತಿ ಮಕ್ಕಳ ಜೊತೆ ಸಂಸಾರ ಮಾಡಿಕೊಂಡಿರುವ ಮೇಷ್ಟ್ರು ಒಂದು ಒಳ್ಳೆ ಮಾತಾಡಿದರೂ ಕೆಲಸ ಹೋಗಬಹುದಿತ್ತು.

ಸೆಪ್ಟೆಂಬರ್ ತನಕ ಸಮೀಕ್ಷೆಗಳಲ್ಲಿ ಬ್ರಿಗ್ಸ್ ಎಷ್ಟೋ ಮುಂದಿದ್ದ. ಹಾರ್ವೆ ಮತ್ತು ಪ್ರಾಧ್ಯಾಪಕಿ ಸ್ಯಾಲಿ ಗಿಯರ್‌ಹಾರ್ಟ್ ಟಿವಿಯಲ್ಲಿ ಬ್ರಿಗ್ಸ್ ಎದುರು ಕೂತ ದೃಶ್ಯ ನೋಡಿದಿರಿ. ಮಕ್ಕಳ ಮೇಲೆ ದೌರ್ಜನ್ಯ ನಡೆಸುವವರಲ್ಲಿ ಜಾಸ್ತಿ ಜನ ಹೆಂಗಸರನ್ನು ಬಯಸುವ ಗಂಡಸರೇ ಅಂತ ಇವರು ಲೆಕ್ಕ ಇಟ್ಟು ಹೇಳುತ್ತಾರೆ. ಬ್ರಿಗ್ಸ್ ಕಿವಿಗೆ ಅದು ಹೋಗುವುದೇ ಇಲ್ಲ, ತನ್ನದೇ ಪಾಠ ಒಪ್ಪಿಸುತ್ತಾನೆ. ಗಿಯರ್‌ಹಾರ್ಟ್ ಅವರ ಮುಖದ ಆ ಬೇಸರದ ನಗು ನೋಡಿದಿರಾ? ಅದಕ್ಕಾಗಿಯೇ ಆ ದೃಶ್ಯವನ್ನು ಇನ್ನೊಮ್ಮೆ ನೋಡಬಹುದು.

ಟಾಮ್ ಅಮಿಯಾನೋ ಅವರಿಗಂತೂ ಇದು ಅನ್ನದ ಪ್ರಶ್ನೆ. ತಾನು ಗೇ ಅಂತ 1975ರಲ್ಲೇ ಬಹಿರಂಗವಾಗಿ ಹೇಳಿಕೊಂಡಿದ್ದ ಸ್ಯಾನ್ ಫ್ರಾನ್ಸಿಸ್ಕೋ ಮೇಷ್ಟ್ರು ಅವರು. ಪ್ರಪೊಸಿಷನ್ 6 ಗೆದ್ದಿದ್ದರೆ ಮೊದಲು ಹೋಗುವ ಕೆಲಸಗಳಲ್ಲಿ ಅವರದೂ ಒಂದು.

ಹಾರ್ವೆಯ ತಂತ್ರ ಏನು? ಆ ಜೂನ್ ತಿಂಗಳ ಮೆರವಣಿಗೆಯಲ್ಲಿ, ಕಾಮನಬಿಲ್ಲಿನ ಬಾವುಟ ಮೊದಲ ಸಲ ಹಾರಿದ ಮೆರವಣಿಗೆಯಲ್ಲಿ, ಅವನು ಜನರಿಗೆ ಹೇಳಿದ್ದು ಇಷ್ಟು. ಅಪ್ಪ ಅಮ್ಮನಿಗೆ ಹೇಳಿ. ನೆಂಟರಿಗೆ ಹೇಳಿ. ಅಕ್ಕಪಕ್ಕದವರಿಗೆ, ಜೊತೆ ಕೆಲಸ ಮಾಡುವವರಿಗೆ, ದಿನಾ ಹೋಗುವ ಅಂಗಡಿಯವನಿಗೆ ಹೇಳಿ. ಅವರಿಗೆ ಗೊತ್ತಿರುವ ಒಬ್ಬ ಮನುಷ್ಯ ಗೇ ಅಂತಾದರೆ ಅವರು ಬ್ರಿಗ್ಸ್ ಮಾತು ನಂಬುವುದಿಲ್ಲ. ಈಗ ಇದು ಸುಲಭದ ಮಾತು ಅನಿಸಬಹುದು. ಆಗ ಹೇಳಿದವರಲ್ಲಿ ಎಷ್ಟೋ ಜನರಿಗೆ ಮನೆಯ ಬಾಗಿಲು ಮುಚ್ಚಿತು. ಆದರೂ ಹೇಳಿದರು. ಬಾಗಿಲು ಬಾಗಿಲಿಗೆ ಹೋಗಿ, ಗುರುತಿಲ್ಲದವರ ಮುಂದೆ ನಿಂತು, ನಾನೇ ಅವನು, ನಾನೇ ಅವಳು ಅಂದರು. ಕನ್ಸರ್ವೇಟಿವ್ ನಾಯಕ ರೊನಾಲ್ಡ್ ರೇಗನ್ ಕೂಡ ಪ್ರಪೊಸಿಷನ್ 6 ಬೇಡ ಅಂದ. ನವೆಂಬರ್ 7ರಂದು ಅದು ಬಿದ್ದುಹೋಯಿತು. ವಿರೋಧಿಸಿದವರು ನೂರಕ್ಕೆ 58. ಬ್ರಿಗ್ಸ್‌ನ ಸ್ವಂತ ಆರೆಂಜ್ ಕೌಂಟಿಯಲ್ಲೂ ಸೋಲು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಹಾರ್ವೆಯನ್ನು ದೇವರು ಮಾಡಲು ನನಗೆ ಇಷ್ಟವಿಲ್ಲ. 1975ರ ಸೆಪ್ಟೆಂಬರ್‌ನಲ್ಲಿ ಇದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಧ್ಯಕ್ಷ ಫೋರ್ಡ್ ಮೇಲೆ ಒಬ್ಬಾಕೆ ಗುಂಡು ಹಾರಿಸಿದಳು. ಪಕ್ಕದಲ್ಲಿದ್ದ ಮಾಜಿ ಸೈನಿಕ ಆಲಿವರ್ ಸಿಪಲ್ ಅವಳ ಕೈ ಹಿಡಿದೆಳೆದ. ಫೋರ್ಡ್ ಉಳಿದರು. ಸಿಪಲ್ ಗೇ. ಹಾರ್ವೆಗೆ ಪರಿಚಯ. ಅವನ ಮನೆಯವರಿಗೆ ಆ ವಿಷಯ ಗೊತ್ತಿರಲಿಲ್ಲ, ಗೊತ್ತಾಗುವುದು ಅವನಿಗೆ ಬೇಕಿರಲಿಲ್ಲ. ಹಾರ್ವೆ ಒಬ್ಬ ಪತ್ರಿಕಾ ಅಂಕಣಕಾರನಿಗೆ ಹೇಳಿಬಿಟ್ಟ. ನಮ್ಮಲ್ಲೂ ವೀರರಿದ್ದಾರೆ ಅಂತ ದೇಶಕ್ಕೆ ತಿಳಿಯಲಿ ಅನ್ನುವುದು ಅವನ ವಾದ. ದೇಶಕ್ಕೆ ತಿಳಿಯಿತು. ಸಿಪಲ್‌ನ ಮನೆಯವರು ಅವನಿಂದ ದೂರವಾದರು. ನಾನಾಗಿ ಬಾಗಿಲು ತೆರೆದು ಹೊರಬರುವುದಕ್ಕೂ ಯಾರೋ ಎಳೆದು ಬೀದಿಗೆ ಹಾಕುವುದಕ್ಕೂ ವ್ಯತ್ಯಾಸ ಇದೆ. ಹಾರ್ವೆ ಆ ಗೆರೆ ದಾಟಿದ. ಒಳ್ಳೇ ರಾಜಕಾರಣಿಗಳಿಗೂ ಮನುಷ್ಯರು ಕೆಲವೊಮ್ಮೆ ಬರೀ ಉದಾಹರಣೆಯಾಗಿ ಕಾಣುತ್ತಾರೆ.

ಕೊಲೆಗೆ ಬರೋಣ. ಬ್ರಿಗ್ಸ್ ಸೋತ ಮೂರೇ ದಿನಕ್ಕೆ ಡ್ಯಾನ್ ವೈಟ್ ರಾಜೀನಾಮೆ ಕೊಟ್ಟ. ಸಂಬಳ ಸಾಲದು ಅಂದ. ಬೆಂಬಲಿಗರು ಒತ್ತಾಯಿಸಿದ ಮೇಲೆ ವಾಪಸ್ ಬರುತ್ತೇನೆ ಅಂದ. ಮೇಯರ್ ಮೊದಲು ಆಗಲಿ ಅಂದವರು ಆಮೇಲೆ ಮನಸ್ಸು ಬದಲಿಸಿದರು. 27ರ ಬೆಳಗ್ಗೆ ವೈಟ್ ಪಿಸ್ತೂಲು ಇಟ್ಟುಕೊಂಡು ಸಿಟಿ ಹಾಲ್‌ಗೆ ಬಂದ. ಮುಂಬಾಗಿಲಲ್ಲಿ ಮೆಟಲ್ ಡಿಟೆಕ್ಟರ್ ಇತ್ತು. ನೆಲಮಾಳಿಗೆಯ ಕಿಟಕಿಯಿಂದ ಒಳಗೆ ನುಸುಳಿದ. ಜೇಬಿನಲ್ಲಿ ಹತ್ತು ಹೆಚ್ಚುವರಿ ಗುಂಡು. ಮೇಯರ್‌ಗೆ ಹೊಡೆದ, ಪಿಸ್ತೂಲು ಮತ್ತೆ ತುಂಬಿದ, ಕಟ್ಟಡದ ಇನ್ನೊಂದು ಪಕ್ಕಕ್ಕೆ ನಡೆದು ಹೋಗಿ ಹಾರ್ವೆಯನ್ನು ಕೊಂದ. ಹಾರ್ವೆಗೆ ನಲವತ್ತೆಂಟು ವರ್ಷ.

ಆ ಸಂಜೆ ಕ್ಯಾಸ್ಟ್ರೋದಿಂದ ಸಿಟಿ ಹಾಲ್‌ವರೆಗೆ ಮೇಣದಬತ್ತಿ ಹಿಡಿದು ಸಾವಿರಾರು ಜನ ನಡೆದದ್ದನ್ನು ನೀವೇ ನೋಡಿದ್ದೀರಿ. ಅದರ ಬಗ್ಗೆ ನಾನು ಮಾತು ಸೇರಿಸುವುದಿಲ್ಲ.

ವಿಚಾರಣೆಯ ಭಾಗ ಮಾತ್ರ ಬಿಡಿಸಿ ನೋಡಬೇಕು. ಪ್ರಾಸಿಕ್ಯೂಷನ್‌ನವರು ವೈಟ್‌ನ ತಪ್ಪೊಪ್ಪಿಗೆಯ ಟೇಪ್ ಹಾಕಿದರು. ಇದೊಂದು ಸಾಕು, ಕಥೆ ಮುಗಿಯಿತು ಅಂದುಕೊಂಡರು. ಹೇಳಿಕೆ ಬರೆದುಕೊಂಡ ಇನ್‌ಸ್ಪೆಕ್ಟರ್ ವೈಟ್‌ಗೆ ಹಳೇ ಗೆಳೆಯ. ಟೇಪಿನಲ್ಲಿ ವೈಟ್ ಅಳುತ್ತಾನೆ, ಮನೆಯ ಕಷ್ಟ ಹೇಳಿಕೊಳ್ಳುತ್ತಾನೆ. ಜ್ಯೂರಿಯಲ್ಲಿ ಕೂತವರು ಕೇಳಿ ತಾವೂ ಅತ್ತರು. ಆ ಜ್ಯೂರಿಯಲ್ಲಿ ಗೇ ಅಂತ ಹೇಳಿಕೊಂಡ ಒಬ್ಬರೂ ಇರಲಿಲ್ಲ, ಕಪ್ಪು ಜನರೂ ಇರಲಿಲ್ಲ.

‘ಟ್ವಿಂಕಿ ಡಿಫೆನ್ಸ್’ ಅನ್ನುವ ಮಾತು ನೀವು ಕೇಳಿರಬಹುದು. ಟ್ವಿಂಕಿ ಅಂದರೆ ಅಲ್ಲಿ ಬೇಕರಿಯಲ್ಲಿ ಸಿಗುವ ಕ್ರೀಮ್ ತುಂಬಿದ ಕೇಕ್. ಸಿಹಿ ಜಾಸ್ತಿ ತಿಂದು ತಲೆ ಕೆಟ್ಟು ಕೊಲೆ ಮಾಡಿದ ಅಂತ ವಕೀಲರು ವಾದಿಸಿ ಗೆದ್ದರು ಅನ್ನುವ ಕಥೆ ಇದೆ. ವಾದ ಅಷ್ಟು ಪೆದ್ದಾಗಿರಲಿಲ್ಲ. ವೈಟ್ ಖಿನ್ನತೆಯಲ್ಲಿದ್ದ, ಆರೋಗ್ಯದ ಬಗ್ಗೆ ಎಚ್ಚರವಿದ್ದ ಮನುಷ್ಯ ಸಿಕ್ಕಿದ ಸಿಹಿಯನ್ನೆಲ್ಲ ತಿನ್ನತೊಡಗಿದ್ದೇ ಅದರ ಗುರುತು, ಹಾಗಾಗಿ ಯೋಚಿಸಿ ಕೊಲ್ಲುವ ಸ್ಥಿತಿಯಲ್ಲಿ ಅವನಿರಲಿಲ್ಲ ಅನ್ನುವುದು ವಾದ. ಪತ್ರಿಕೆಯವರು ಕೇಕ್ ಹಿಡಿದುಕೊಂಡರು. ಕಿಟಕಿಯಿಂದ ನುಸುಳಿದವನು, ಪಿಸ್ತೂಲು ಮತ್ತೆ ತುಂಬಿದವನು ಯೋಚಿಸಿರಲಿಲ್ಲ ಅಂತ ಜ್ಯೂರಿ ಒಪ್ಪಿತು. 1979ರ ಮೇ 21ರಂದು ತೀರ್ಪು ಬಂತು. ಕೊಲೆ ಅಂತ ತೀರ್ಮಾನವಾಗಲಿಲ್ಲ, ಅದಕ್ಕಿಂತ ಕಡಿಮೆಯ ಅಪರಾಧ. ಶಿಕ್ಷೆ ಏಳು ವರ್ಷ ಎಂಟು ತಿಂಗಳು.

ಆ ರಾತ್ರಿ ಸಿಟಿ ಹಾಲ್ ಕಿಟಕಿಗಳು ಒಡೆದವು, ಪೊಲೀಸ್ ಕಾರುಗಳು ಸಾಲಾಗಿ ಉರಿದವು. ಗಲಾಟೆ ತಣ್ಣಗಾದ ಮೇಲೆ ಪೊಲೀಸರು ಕ್ಯಾಸ್ಟ್ರೋಗೆ ಬಂದು ಒಂದು ಬಾರ್‌ಗೆ ನುಗ್ಗಿ ಒಳಗಿದ್ದವರನ್ನು ಹೊಡೆದರು. ಮರುದಿನ ಹಾರ್ವೆಯ ಹುಟ್ಟುಹಬ್ಬ. ಬೀದಿಯಲ್ಲಿ ಮತ್ತೆ ಸಾವಿರಾರು ಜನ ಸೇರಿದರು, ಒಂದು ಕಲ್ಲೂ ಬೀಳಲಿಲ್ಲ. ಜಿಮ್ ಎಲಿಯಟ್ ತೀರ್ಪಿನ ಬಗ್ಗೆ ಹೇಳುವುದನ್ನು ಕೇಳಿದಿರಲ್ಲ. ಮೇಯರ್ ಒಬ್ಬರೇ ಸತ್ತಿದ್ದರೆ ವೈಟ್ ಜೀವಮಾನವಿಡೀ ಜೈಲಿನಲ್ಲಿರುತ್ತಿದ್ದ ಅನ್ನುತ್ತಾರೆ. ಗೇ ಬಾರ್‌ಗೆ ಪೊಲೀಸರು ನುಗ್ಗಿದರೆ ಒಂದು ಕಾಲದಲ್ಲಿ ತಲೆ ಕೆಡಿಸಿಕೊಳ್ಳದಿದ್ದ ಮನುಷ್ಯನ ಬಾಯಲ್ಲಿ ಈ ಮಾತು.

ಈ ಚಿತ್ರ ತೆರೆಗೆ ಬಂದದ್ದು 1984ರಲ್ಲಿ. ಅದೇ ವರ್ಷ ಜನವರಿಯಲ್ಲಿ ಡ್ಯಾನ್ ವೈಟ್ ಜೈಲಿನಿಂದ ಹೊರಬಂದಿದ್ದ. ಮರುವರ್ಷ ಮಾರ್ಚ್‌ನಲ್ಲಿ ಚಿತ್ರಕ್ಕೆ ಆಸ್ಕರ್ ಬಂತು. ಅಕ್ಟೋಬರ್‌ನಲ್ಲಿ ವೈಟ್ ಆತ್ಮಹತ್ಯೆ ಮಾಡಿಕೊಂಡ. ಎಪ್‌ಸ್ಟೈನ್ ಶುರು ಮಾಡಿದಾಗ ಇದು ಬ್ರಿಗ್ಸ್ ವಿರುದ್ಧದ ಹೋರಾಟದ ಬಗೆಗಿನ ಚಿತ್ರವಾಗಬೇಕಿತ್ತು. ಅದಕ್ಕೇ ಹಾರ್ವೆಯ ಮನೆಯೊಳಗಿನ ಬದುಕು ಇದರಲ್ಲಿ ಅಷ್ಟು ಕಾಣುವುದಿಲ್ಲ ಅಂತ ನನಗನಿಸುತ್ತೆ. ಆ ಕೊರತೆಯನ್ನು 2008ರಲ್ಲಿ ಶಾನ್ ಪೆನ್ ಹಾರ್ವೆಯಾಗಿ ನಟಿಸಿದ ಕಥಾಚಿತ್ರ ತುಂಬಿತು. ಎರಡರಲ್ಲಿ ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಶಾನ್ ಪೆನ್ ಚೆನ್ನಾಗಿ ಮಾಡಿದ್ದಾನೆ, ಆದರೆ ಅಲ್ಲಿ ಜಿಮ್ ಎಲಿಯಟ್ ಹೀಗೆ ನಮ್ಮ ಎದುರು ಕೂತು ಮಾತಾಡುವುದಿಲ್ಲ.

ಕೊನೆಗೆ ಆ ವಾರ್ಡ್‌ಗಳ ಕಥೆ ಹೇಳಿಬಿಡುತ್ತೇನೆ, ಚಿತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೊಲೆಯಾದ ಮೇಲೆ ಊರಿನ ಮನಸ್ಸು ಕದಡಿಹೋಗಿತ್ತು. ವಾರ್ಡ್ ವ್ಯವಸ್ಥೆ ಊರನ್ನು ಒಡೆಯಿತು ಅಂತ ಅದರ ವಿರೋಧಿಗಳು ವಾದಿಸಿದರು. 1980ರಲ್ಲಿ ಮತದಾರರು ಅದನ್ನು ರದ್ದು ಮಾಡಿ ಹಳೇ ಪದ್ಧತಿಗೆ ಮರಳಿದರು. ಮತ್ತೆ ಇಡೀ ಊರಿನ ವೋಟು, ಮತ್ತೆ ದುಡ್ಡಿನ ಆಟ. ಇದು ಬೇಡ ಅಂತ ಜನ ಮತ್ತೆ ತೀರ್ಮಾನಿಸಲು 1996 ಆಯಿತು. ವಾರ್ಡ್ ಚುನಾವಣೆ ವಾಪಸ್ ನಡೆದದ್ದು 2000ದಲ್ಲಿ. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದವರಲ್ಲಿ ಟಾಮ್ ಅಮಿಯಾನೋ ಒಬ್ಬರು. ಹೌದು, ಬ್ರಿಗ್ಸ್ ಕೆಲಸ ಕಿತ್ತುಕೊಳ್ಳಲು ಹೊರಟಿದ್ದ ಅದೇ ಮೇಷ್ಟ್ರು. ಅಷ್ಟರಲ್ಲಿ ಅವರು ಹಾರ್ವೆ ಕೂತಿದ್ದ ಅದೇ ಮಂಡಳಿಯ ಅಧ್ಯಕ್ಷರಾಗಿದ್ದರು. ಮುಂದೆ ಕ್ಯಾಲಿಫೋರ್ನಿಯಾದ ಶಾಸನಸಭೆಗೂ ಹೋದರು.

ನನ್ನ ಮಾತು ಮುಗಿಯಿತು. ಟೀ ಆಚೆ ಇದೆಯಂತೆ, ಪ್ರಶ್ನೆಗಳನ್ನು ಅಲ್ಲೇ ಕೇಳಿ.